‘ಫಸ್ಟ್ ಎಡಿಷನ್’ ಅಂತ ಅಚ್ಚಾಗಿದೆ, ನಂಬಬಹುದಾ? ಗ್ನೋಮ್, ಆರ್ಕಮ್, ಫ್ಯಾಂಟಸಿ ಪ್ರೆಸ್ ಪುಸ್ತಕಗಳ ಬಗ್ಗೆ

ಮಿಶಿಗನ್ ಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಆನ್ ಆರ್ಬರ್‌ನಲ್ಲಿ. ಕಳೆದ ಶನಿವಾರ ಪಕ್ಕದ ಊರಿನಲ್ಲಿ ಒಂದು ಮನೆಯ ಹಳೆ ಸಾಮಾನು ಮಾರಾಟಕ್ಕಿತ್ತು. ಮನೆಯ ಹಿರಿಯರು ತೀರಿಕೊಂಡಿದ್ದಾರೆ, ಮಗಳು ಮನೆ ಖಾಲಿ ಮಾಡುತ್ತಿದ್ದರು. ಗ್ಯಾರೇಜಿನ ಮೂಲೆಯಲ್ಲಿ ಒಂದು ಡಬ್ಬ ತುಂಬಾ ಪುಸ್ತಕ. ಅದರಲ್ಲಿ ಐಸಾಕ್ ಅಸಿಮೋವ್ ಅವರ ವೈಜ್ಞಾನಿಕ ಕಾದಂಬರಿ ‘ಫೌಂಡೇಶನ್ ಅಂಡ್ ಎಂಪೈರ್’ ಸಿಕ್ಕಿತು. ಗ್ನೋಮ್ ಪ್ರೆಸ್, ನ್ಯೂಯಾರ್ಕ್, 1952. ಜಾಕೆಟ್ (ರಟ್ಟಿನ ಮೇಲೆ ಹೊದಿಸುವ ಅಚ್ಚಾದ ಕಾಗದ) ಕೂಡ ಇದೆ. 12 ಡಾಲರ್ ಕೊಟ್ಟೆ.

ಶೀರ್ಷಿಕೆ ಪುಟದ ಹಿಂದೆ ‘ಫಸ್ಟ್ ಎಡಿಷನ್’ ಅಂತ ಸ್ಪಷ್ಟವಾಗಿ ಅಚ್ಚಾಗಿದೆ. ಅಷ್ಟಾದರೆ ಸಾಕು ಅಂದುಕೊಂಡಿದ್ದೆ. ಆದರೆ ಗ್ನೋಮ್ ಪುಸ್ತಕಗಳಲ್ಲಿ ಆ ಮಾತನ್ನು ಪೂರ್ತಿ ನಂಬಬಾರದು ಅಂತ ಎಲ್ಲೋ ಓದಿದೆ. ಯಾಕೆ ಹಾಗೆ? ಮಾರುವ ಯೋಚನೆ ಇಲ್ಲ. ನನ್ನ ಕೈಯಲ್ಲಿರೋದು ಏನು ಅಂತ ತಿಳಿಯಬೇಕು, ಅಷ್ಟೇ.

ರಟ್ಟುಬೆನ್ನು:
ಮೇಡಂ, ಒಳ್ಳೆಯ ಪುಸ್ತಕವೇ ಸಿಕ್ಕಿದೆ. ಇನ್ನೂ ಮೂರು ಫೋಟೋ ಬೇಕು: ಜಾಕೆಟ್ ತೆಗೆದ ಮೇಲೆ ರಟ್ಟು, ಪುಸ್ತಕದ ಬೆನ್ನು, ಜಾಕೆಟ್ಟಿನ ಹಿಂಬದಿ. ಹಕ್ಕುಪುಟದ, ಅಂದರೆ ಶೀರ್ಷಿಕೆ ಪುಟದ ಹಿಂಬದಿಯ, ಫೋಟೋ ಬೇಡ. ಅದರಲ್ಲಿ ಏನಿದೆ ಅಂತ ನನಗೆ ಗೊತ್ತು, ನಿಜವಾದ ತೊಡಕು ಶುರುವಾಗೋದೇ ಅಲ್ಲಿಂದ.

ಗ್ನೋಮ್ ಪ್ರೆಸ್ ಶುರುವಾದದ್ದು 1948ರಲ್ಲಿ. ಮಾರ್ಟಿನ್ ಗ್ರೀನ್‌ಬರ್ಗ್ ಮತ್ತು ಡೇವಿಡ್ ಕೈಲ್ ಅಂತ ಇಬ್ಬರು ಸೇರಿ ಮಾಡಿದ ಸಂಸ್ಥೆ. (ಮುಂದೆ ರಾಶಿ ರಾಶಿ ಕಥಾ ಸಂಕಲನ ತಂದ ಮಾರ್ಟಿನ್ ಎಚ್. ಗ್ರೀನ್‌ಬರ್ಗ್ ಬೇರೆ, ಇವರು ಬೇರೆ.) ‘ಐ, ರೋಬೋಟ್’ 1950ರಲ್ಲಿ, ‘ಫೌಂಡೇಶನ್’ 1951ರಲ್ಲಿ, ನಿಮ್ಮ ಪುಸ್ತಕ 1952ರಲ್ಲಿ, ‘ಸೆಕೆಂಡ್ ಫೌಂಡೇಶನ್’ 1953ರಲ್ಲಿ ಬಂತು. ಇವತ್ತು ಈ ಹೆಸರುಗಳನ್ನು ಕೇಳಿದರೆ ಮೈ ಜುಮ್ಮೆನ್ನುತ್ತೆ. ಆಗ ಅವುಗಳನ್ನು ಕೊಳ್ಳುವವರು ಬೆರಳೆಣಿಕೆಯಷ್ಟು.

ದುಡ್ಡಿನ ಮುಗ್ಗಟ್ಟು ಯಾವಾಗಲೂ ಇತ್ತು. ಹಾಗಾಗಿ ಅವರು ಹಾಳೆಗಳನ್ನೆಲ್ಲ ಒಂದೇ ಸಲ ಅಚ್ಚು ಹಾಕಿಸುತ್ತಿದ್ದರು, ಆದರೆ ಎಲ್ಲಕ್ಕೂ ಒಂದೇ ಸಲ ಬೈಂಡಿಂಗ್ ಮಾಡಿಸುತ್ತಿರಲಿಲ್ಲ. ಒಂದಷ್ಟು ಪ್ರತಿ ಕಟ್ಟಿಸಿ ಮಾರೋದು. ಅವು ಖರ್ಚಾದ ಮೇಲೆ ಇನ್ನೊಂದಷ್ಟು. ಎರಡನೇ ಸಲ, ಮೂರನೇ ಸಲ ಕಟ್ಟಿಸುವಾಗ ಕಡಿಮೆ ದರಕ್ಕೆ ಸಿಕ್ಕ ಸಾಮಾನು ಬಳಸುತ್ತಿದ್ದರು. ಒಳಗಿನ ಹಾಳೆ ಮಾತ್ರ ಅದೇ. 1952ರಲ್ಲಿ ಕಟ್ಟಿದ ಪ್ರತಿಯಲ್ಲೂ ‘ಫಸ್ಟ್ ಎಡಿಷನ್’, ಎರಡು ವರ್ಷ ಬಿಟ್ಟು ಕಟ್ಟಿದ ಪ್ರತಿಯಲ್ಲೂ ‘ಫಸ್ಟ್ ಎಡಿಷನ್’. ಅದು ಸುಳ್ಳಲ್ಲ. ಆದರೆ ನಿಮ್ಮ ಪ್ರಶ್ನೆಗೆ ಅದರಿಂದ ಉತ್ತರ ಸಿಗಲ್ಲ.

ಅಚ್ಚುಮೊಳೆ:
ಇದನ್ನು ಓದಿ ನನ್ನ ಹಳೆ ದಿನಗಳು ನೆನಪಾದವು. ನಾನು ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕೆಲಸ ಮಾಡಿದವನು. ನಮ್ಮಲ್ಲೂ ಇದೇ ಪದ್ಧತಿ. ಸಾವಿರ ಪ್ರತಿಗೆ ಫಾರಂ (ಹಲವು ಪುಟಗಳಿರುವ ದೊಡ್ಡ ಹಾಳೆ) ಅಚ್ಚು ಹಾಕುತ್ತಿದ್ದೆವು. ಪ್ರಕಾಶಕರು ಬಂದು “ಸದ್ಯಕ್ಕೆ ಮುನ್ನೂರು ಕಟ್ಟಿ ಕೊಡ್ರಿ, ಉಳಿದದ್ದು ಆಮೇಲೆ ನೋಡೋಣ” ಅನ್ನುತ್ತಿದ್ದರು. ಉಳಿದ ಫಾರಂಗಳನ್ನು ಮಡಚಿ, ಹಗ್ಗ ಬಿಗಿದು ಅಟ್ಟದ ಮೇಲೆ ಇಡುತ್ತಿದ್ದೆವು. ಆರು ತಿಂಗಳೋ ವರ್ಷವೋ ಬಿಟ್ಟು ಕಟ್ಟುವ ಹೊತ್ತಿಗೆ ಮೊದಲಿನ ಬಣ್ಣದ ಕ್ಯಾಲಿಕೋ ಬಟ್ಟೆ ಸಿಗುತ್ತಿರಲಿಲ್ಲ. ಇದ್ದುದರಲ್ಲಿ ಹೊಂದಿಸುತ್ತಿದ್ದೆವು. ಮೊದಲ ಕಂತು ಕೆಂಪು, ಎರಡನೆಯದು ಹಸಿರು. ಪುಸ್ತಕ ಮಾತ್ರ ಅದೇ.

ಮಲ್ಲಿಗೆ ಅವರೇ, ರಟ್ಟಿನ ಮೇಲಿರೋದು ಬಟ್ಟೆಯಾ, ಬಟ್ಟೆಯಂತೆ ಕಾಣುವ ಕಾಗದವಾ ಅಂತ ಮೊದಲು ನೋಡಿಕೊಳ್ಳಿ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಯಾಕೆಂದರೆ ಕಾಗದದ ಮೇಲೂ ನೇಯ್ಗೆಯ ಗೆರೆ ಒತ್ತಿರುತ್ತಾರೆ. ಪುಸ್ತಕವನ್ನು ಕಿಟಕಿಯ ಹತ್ತಿರ ಓರೆಯಾಗಿ ಹಿಡಿಯಿರಿ. ಆಮೇಲೆ ರಟ್ಟಿನ ಮೂಲೆ ನೋಡಿ. ಎಪ್ಪತ್ತು ವರ್ಷದ ಪುಸ್ತಕದ ಮೂಲೆ ಎಲ್ಲಾದರೂ ಸವೆದೇ ಇರುತ್ತೆ. ಬಟ್ಟೆಯಾದರೆ ಅಲ್ಲಿ ಎಳೆ ಎಳೆ ಎದ್ದಿರುತ್ತೆ. ಕಾಗದವಾದರೆ ಸಿಪ್ಪೆ ಸುಲಿದ ಹಾಗೆ ಎದ್ದು, ಒಳಗಿನ ಬೂದು ರಟ್ಟು ಕಾಣುತ್ತೆ. ಉಗುರಿನಿಂದ ಕೆರೆಯೋಕೆ ಹೋಗಬೇಡಿ, ಸುಮ್ನೆ ನೋಡಿದರೆ ಸಾಕು.

ಕುಡ್ಲದ ಓದುಗ:
ನಾನೊಮ್ಮೆ ಚೆನ್ನಾಗಿ ಏಟು ತಿಂದಿದ್ದೇನೆ ಮಾರಾಯ್ರೇ, ಅದನ್ನು ಇಲ್ಲಿ ಹೇಳಿಬಿಡುತ್ತೇನೆ. ಬೇರೆಯವರಿಗಾದರೂ ಉಪಯೋಗವಾಗಲಿ. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರರಿಂದ ‘ಡ್ಯೂನ್’ ಕಾದಂಬರಿ ತರಿಸಿದೆ. “1965, ಚಿಲ್ಟನ್, ಮೊದಲ ಆವೃತ್ತಿ” ಅಂತ ಹಾಕಿದ್ದರು. ಚಿಲ್ಟನ್ ಅಂದರೆ ಫಿಲಡೆಲ್ಫಿಯಾದ, ಕಾರು ರಿಪೇರಿ ಪುಸ್ತಕಗಳಿಗೆ ಹೆಸರಾದ ಪ್ರಕಾಶಕರು. ದೊಡ್ಡ ಪ್ರಕಾಶಕರು ಬೇಡ ಅಂದ ಮೇಲೆ ಅವರು ‘ಡ್ಯೂನ್’ ತಂದರು. ಶೀರ್ಷಿಕೆ ಪುಟದಲ್ಲಿ ಚಿಲ್ಟನ್ ಅಂತಲೇ ಇತ್ತು, ಖುಷಿಯಾಗಿ ದುಡ್ಡು ಕೊಟ್ಟೆ. ಆಮೇಲೆ ಗೊತ್ತಾಯ್ತು, ಅದು ಬುಕ್ ಕ್ಲಬ್ ಪ್ರತಿ, ಅಂದರೆ ಕ್ಲಬ್ಬಿನ ಸದಸ್ಯರಿಗಾಗಿ ಬೇರೆಯಾಗಿ ಅಚ್ಚು ಹಾಕಿದ ಅಗ್ಗದ ಪ್ರತಿ.

ಜಾಕೆಟ್ಟಿನ ಒಳಮಡಿಕೆಯಲ್ಲಿ ಬೆಲೆಯೇ ಇರಲಿಲ್ಲ. ಅಂಗಡಿಯಲ್ಲಿ ಮಾರಿದ ಮೊದಲ ಪ್ರತಿಗೆ 5.95 ಡಾಲರ್ ಅಂತ ಇರಬೇಕಿತ್ತು. ಕೊನೆಯ ಪುಟಗಳಲ್ಲೊಂದರಲ್ಲಿ, ಹೊಲಿಗೆಯ ಹತ್ತಿರ, ಒಂದು ಅಕ್ಷರ ಮತ್ತು ಸಣ್ಣ ಅಂಕಿ ಇತ್ತು. ಅದು ಕ್ಲಬ್ ಪ್ರತಿ ಯಾವಾಗ ಅಚ್ಚಾಯಿತು ಅಂತ ತಿಳಿಸುವ ಗುರುತಂತೆ. ಪುಸ್ತಕವನ್ನು ಪೂರ್ತಿ ಅಗಲಿಸಿದರೆ ಮಾತ್ರ ಕಾಣುತ್ತೆ. ಕೆಲವು ಕ್ಲಬ್ ಪ್ರತಿಗಳಲ್ಲಿ ಹಿಂದಿನ ರಟ್ಟಿನ ಕೆಳಮೂಲೆಯಲ್ಲಿ ಬಣ್ಣವಿಲ್ಲದ ಚಿಕ್ಕ ತಗ್ಗೂ ಇರುತ್ತೆ, ಕೈಯಾಡಿಸಿ ನೋಡಬೇಕು. ಒಂದು ಮಾತು: ಒಳಮಡಿಕೆಯ ಮೂಲೆ ಕತ್ತರಿಸಿದ್ದರೆ ಬೆಲೆ ಇತ್ತೋ ಇಲ್ಲವೋ ಹೇಳೋಕಾಗಲ್ಲ. ಉಡುಗೊರೆ ಕೊಡುವವರು ಬೆಲೆ ಕತ್ತರಿಸುತ್ತಿದ್ದರು. ಆಗ ಬೇರೆ ಗುರುತುಗಳನ್ನೇ ನಂಬಬೇಕು.

ರಟ್ಟುಬೆನ್ನು:
ಕುಡ್ಲದವರು ಹೇಳಿದ್ದು ತುಂಬಾ ಮುಖ್ಯ. ಅಸಿಮೋವ್ ಅವರ ಫೌಂಡೇಶನ್ ಮೂರನ್ನೂ ಸೇರಿಸಿ ಕ್ಲಬ್ಬಿನವರು ಒಂದೇ ಸಂಪುಟ ತಂದರು. ಅದು ಎಲ್ಲ ಕಡೆ ಸಿಗುತ್ತೆ. ಓದೋಕೆ ಬಹಳ ಒಳ್ಳೆಯದು, ಆದರೆ ಅದನ್ನು ಮೊದಲ ಆವೃತ್ತಿ ಅಂತ ಮಾರುವವರನ್ನು ನೋಡಿದ್ದೇನೆ. ಗ್ನೋಮ್ ಪುಸ್ತಕಗಳು ಬೇರೆ ಬೇರೆಯಾಗಿಯೇ ಬಂದವು.

ಮಲ್ಲಿಗೆ ಮೇಡಂ, ಜಾಕೆಟ್ಟಿನ ಹಿಂಬದಿ ಯಾಕೆ ಕೇಳಿದೆ ಅಂದರೆ, ಅಲ್ಲಿ ಗ್ನೋಮ್‌ನವರು ತಮ್ಮ ಬೇರೆ ಪುಸ್ತಕಗಳ ಪಟ್ಟಿ ಹಾಕುತ್ತಿದ್ದರು. ಮೊದಲ ಜಾಕೆಟ್ಟಿನಲ್ಲಿ ಪಟ್ಟಿ ಚಿಕ್ಕದು. ಆಮೇಲೆ ಜಾಕೆಟ್ ಮತ್ತೆ ಅಚ್ಚು ಹಾಕಿಸುವಾಗ ಹೊಸ ಪುಸ್ತಕಗಳನ್ನೂ ಸೇರಿಸಿದರು. 1952ರ ಪುಸ್ತಕದ ಹಿಂದೆ 1953ರ ಪುಸ್ತಕದ ಹೆಸರು ಬೆಲೆ ಸಮೇತ ಇದ್ದರೆ, ಆ ಜಾಕೆಟ್ 1952ರ ಮೊದಲ ಜಾಕೆಟ್ ಆಗಿರೋಕೆ ಸಾಧ್ಯವಿಲ್ಲ ಅಲ್ವಾ? ‘ಮುಂದೆ ಬರಲಿದೆ’ ಅಂತ ಇದ್ದರೆ ಮಾತು ಬೇರೆ. ಒಂದೊಂದು ಹೆಸರನ್ನೂ ಅದು ಬಂದ ವರ್ಷದ ಜೊತೆ ಹೋಲಿಸಿ ನೋಡಿ. ಇದಕ್ಕೆ ತಾಳ್ಮೆ ಬೇಕು, ಅರ್ಧ ಗಂಟೆ ಹಿಡಿಯುತ್ತೆ. ನನಗಂತೂ ಈ ಕೆಲಸದಲ್ಲಿ ಸಿಗುವ ಸಂತೋಷ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಮೈಸೂರ್ ಕಾಫಿ:
ನನ್ನದೂ ಒಂದು ಪ್ರಶ್ನೆ, ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ದೊಡ್ಡಮಾವ 1960ರ ದಶಕದಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಓದಿದವರು. ಅಲ್ಲಿಂದ ತಂದ ಪುಸ್ತಕಗಳಲ್ಲಿ ಒಂದು ‘ಸ್ಲಾನ್’, ಎ. ಇ. ವಾನ್ ವೋಗ್ಟ್ ಬರೆದದ್ದು. ಹಾಳಾಗದಿರಲಿ ಅಂತ ಮಾವ ಇಲ್ಲಿ ಬೈಂಡರ್ ಹತ್ತಿರ ಕೊಟ್ಟು ಗಟ್ಟಿ ರಟ್ಟು ಹಾಕಿಸಿದ್ದಾರೆ. ಮೊದಲಿನ ರಟ್ಟೂ ಇಲ್ಲ, ಜಾಕೆಟ್ಟೂ ಇಲ್ಲ. ಒಳಗೆ ಆರ್ಕಮ್ ಹೌಸ್, 1946 ಅಂತಿದೆ. ಇದನ್ನು ಇನ್ನು ಗುರುತಿಸೋಕೆ ಆಗುತ್ತಾ, ಅಥವಾ ಎಲ್ಲ ಮುಗಿದ ಹಾಗೇನಾ?

ರಟ್ಟುಬೆನ್ನು:
ಮುಗಿದಿಲ್ಲ. ಕೊನೆಯ ಪುಟ ತೆರೆಯಿರಿ.

ಆರ್ಕಮ್ ಹೌಸ್ ನನಗೆ ಎಲ್ಲಕ್ಕಿಂತ ಹತ್ತಿರದ ಪ್ರಕಾಶನ, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. 1937ರಲ್ಲಿ ಭಯಾನಕ ಕಥೆಗಳ ಲೇಖಕ ಎಚ್. ಪಿ. ಲವ್‌ಕ್ರಾಫ್ಟ್ ತೀರಿಕೊಂಡರು. ಅವರು ಬದುಕಿದ್ದಾಗ ಅವರ ಪುಸ್ತಕ ಅಂತ ಬಂದದ್ದು ಒಂದೇ, 1936ರ ‘ದಿ ಶ್ಯಾಡೋ ಓವರ್ ಇನ್ಸ್‌ಮತ್’. ವಿಲಿಯಂ ಕ್ರಾಫರ್ಡ್ ಅನ್ನುವವರು ಪೆನ್ಸಿಲ್ವೇನಿಯಾದ ಎವರೆಟ್ ಅನ್ನುವ ಊರಿನಲ್ಲಿ ಸುಮಾರು 400 ಪ್ರತಿಗೆ ಹಾಳೆ ಅಚ್ಚು ಹಾಕಿದರು, ಕಟ್ಟಿದ್ದು 200ರಷ್ಟು ಮಾತ್ರ. ಅಚ್ಚಿನ ತಪ್ಪುಗಳು ಎಷ್ಟಿದ್ದವು ಅಂದರೆ ಒಂದು ತಿದ್ದುಪಡಿ ಹಾಳೆಯನ್ನೇ ಜೊತೆಗಿಟ್ಟರು. ಆ ಹಾಳೆ ಸಮೇತ ಸಿಕ್ಕರೆ ಅದೃಷ್ಟ.

ಲವ್‌ಕ್ರಾಫ್ಟ್ ಹೋದ ಮೇಲೆ ಆಗಸ್ಟ್ ಡರ್ಲೆತ್ ಮತ್ತು ಡೊನಾಲ್ಡ್ ವಾಂಡ್ರೆ ಇಬ್ಬರೂ ಸೇರಿ ಆ ಗೆಳೆಯನ ಕಥೆಗಳನ್ನು ಒಟ್ಟು ಮಾಡಿದರು. ದೊಡ್ಡ ಪ್ರಕಾಶಕರು ಒಪ್ಪಲಿಲ್ಲ. ಆಗ ಡರ್ಲೆತ್ ಮನೆ ಕಟ್ಟೋಕೆ ತಂದ ಸಾಲದಲ್ಲಿ ಒಂದಷ್ಟನ್ನು ಪುಸ್ತಕಕ್ಕೆ ಹಾಕಿದರು! 1939ರಲ್ಲಿ ಆರ್ಕಮ್ ಹೌಸ್‌ನ ಮೊದಲ ಪುಸ್ತಕವಾಗಿ ‘ದಿ ಔಟ್‌ಸೈಡರ್ ಅಂಡ್ ಅದರ್ಸ್’ ಬಂತು, 1,268 ಪ್ರತಿ. ಬೆಲೆ 5 ಡಾಲರ್, ಮೊದಲೇ ದುಡ್ಡು ಕಳಿಸಿದವರಿಗೆ ಮೂರೂವರೆ. ಮುಂಗಡ ಕಳಿಸಿದವರು 150 ಮಂದಿ. ಎಲ್ಲ ಪ್ರತಿ ಖರ್ಚಾಗೋಕೆ ಸುಮಾರು ನಾಲ್ಕು ವರ್ಷ ಹಿಡಿಯಿತು. ಗೆಳೆಯನ ಕಥೆ ಉಳಿಯಲಿ ಅಂತ ಮನೆ ಸಾಲ ಮುಟ್ಟಿದ ಮನುಷ್ಯನ ಬಗ್ಗೆ ನನಗೆ ಯಾವಾಗಲೂ ಗೌರವ.

ಆರ್ಕಮ್‌ನವರ ಒಂದು ಒಳ್ಳೆಯ ಪದ್ಧತಿ ಅಂದರೆ ಪುಸ್ತಕದ ಕೊನೆಯಲ್ಲಿ ಒಂದು ಸಣ್ಣ ಟಿಪ್ಪಣಿ. ಎಷ್ಟು ಪ್ರತಿ ಅಚ್ಚಾಯಿತು, ಎಲ್ಲಿ ಅಚ್ಚಾಯಿತು, ಯಾವ ಅಕ್ಷರ, ಯಾವ ಕಾಗದ, ರಟ್ಟಿಗೆ ಯಾವ ಬಟ್ಟೆ, ಎಲ್ಲ ಅಲ್ಲೇ. ಬಹಳಷ್ಟು ಪುಸ್ತಕಗಳಿಗೆ ವಿಸ್ಕಾನ್ಸಿನ್‌ನ ಮೆನಾಷಾ ಊರಿನ ಜಾರ್ಜ್ ಬಾಂಟಾ ಕಂಪನಿಯ ಅಚ್ಚು, ಗರಮಂಡ್ ಅಕ್ಷರ, ಕಪ್ಪು ಬಟ್ಟೆ. ಟಿಪ್ಪಣಿಯಲ್ಲಿ ಪ್ರತಿಗಳ ಸಂಖ್ಯೆ ಸಾವಿರದ ಲೆಕ್ಕದಲ್ಲಿರುತ್ತೆ, ನಿಜವಾದ ಲೆಕ್ಕ ಸ್ವಲ್ಪ ಹೆಚ್ಚುಕಮ್ಮಿ. ರೇ ಬ್ರಾಡ್‌ಬರಿಯವರ ಮೊದಲ ಪುಸ್ತಕ ‘ಡಾರ್ಕ್ ಕಾರ್ನಿವಲ್’ (1947) 3,112 ಪ್ರತಿ ಅಚ್ಚಾಯಿತು. ‘ಸ್ಲಾನ್’ 4,051.

ಆರ್ಕಮ್‌ನವರು ಕೆಲವು ಪುಸ್ತಕಗಳನ್ನು ಮತ್ತೆ ಮತ್ತೆ ಅಚ್ಚು ಹಾಕಿದ್ದಾರೆ. 1963ರಿಂದ ಮುಂದೆ ಬಂದ ಲವ್‌ಕ್ರಾಫ್ಟ್ ಸಂಪುಟಗಳಲ್ಲಿ ಇದನ್ನು ಎಚ್ಚರದಿಂದ ನೋಡಬೇಕು. ಅಲ್ಲಿ ಹಕ್ಕುಪುಟ, ಕೊನೆಯ ಪುಟ ಎರಡನ್ನೂ ಓದಿ. ‘ಸ್ಲಾನ್’ ಮಾತ್ರ ಆರ್ಕಮ್‌ನಿಂದ ಒಂದೇ ಸಲ ಬಂತು. 1951ರಲ್ಲಿ ತಿದ್ದಿದ ಆವೃತ್ತಿ ಬೇರೆ ಪ್ರಕಾಶಕರಿಂದ ಬಂತು. ನಿಮ್ಮ ಮಾವ ತಂದದ್ದು ಮೊದಲ ಮುದ್ರಣವೇ.

ಮೈಸೂರ್ ಕಾಫಿ:
ಕೊನೆಯ ಪುಟ ಇದೆ ಸರ್! ಬೈಂಡರ್ ಅಂಚು ಸ್ವಲ್ಪ ಕತ್ತರಿಸಿದ್ದಾರೆ, ಆದರೆ ಟಿಪ್ಪಣಿ ಪೂರ್ತಿ ಉಳಿದಿದೆ. ಮೆನಾಷಾ ಅಂತ ಓದಿ ಮಾವನಿಗೆ ಫೋನ್ ಮಾಡಿದೆ. ಸಾಕ್ ಸಿಟಿ, ಅಂದರೆ ಡರ್ಲೆತ್ ಅವರ ಊರು, ಮ್ಯಾಡಿಸನ್‌ನಿಂದ ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ ಅಂತ ಅವರು ಹೇಳಿದರು. ಪುಸ್ತಕ ತೆಗೆದುಕೊಂಡದ್ದು ಮ್ಯಾಡಿಸನ್‌ನ ಒಂದು ಹಳೆ ಪುಸ್ತಕದ ಅಂಗಡಿಯಲ್ಲಂತೆ.

ಈ ಟಿಪ್ಪಣಿ ನೋಡಿ ನಮ್ಮ ಕನ್ನಡ ಪುಸ್ತಕಗಳ ಎರಡನೇ ಪುಟ ನೆನಪಾಯ್ತು. ಪ್ರಥಮ ಮುದ್ರಣ, ಪ್ರತಿಗಳು 1000, ಬಳಸಿದ ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿಥೋ, 1/8 ಡೆಮಿ.

ಅಚ್ಚುಮೊಳೆ:
ಆ ಪುಟ ನಾನೇ ಸಾವಿರ ಸಲ ಕಂಪೋಸ್ ಮಾಡಿದ್ದೇನೆ! ಓದುಗರು ಅದನ್ನು ದಾಟಿ ಮುಂದೆ ಹೋಗುತ್ತಾರೆ. ಪ್ರೆಸ್ಸಿನವನ ಕೆಲಸ ಎಲ್ಲ ಅಲ್ಲೇ ಇರುತ್ತೆ.

ಮುಂಗಡ ಕಳಿಸಿದವರ ಮಾತು ಬಂತಲ್ಲ. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರು ಮಾಡಿದ್ದೂ ಚಂದಾದಾರರನ್ನು ನಂಬಿಕೊಂಡೇ. ಸಣ್ಣ ಪ್ರಕಾಶನಕ್ಕೆ ಎಲ್ಲ ಕಡೆಯೂ ಇದೇ ದಾರಿ ಅಂತ ಕಾಣುತ್ತೆ.

ಕಾಫಿಯವರೇ, ಇನ್ನು ಮುಂದೆ ಹಳೆ ಪುಸ್ತಕವನ್ನು ಬೈಂಡಿಂಗಿಗೆ ಕೊಡಬೇಡಿ. ನಮ್ಮ ಕಡೆ ಪ್ರೀತಿಯಿಂದಲೇ ಕೊಡುತ್ತಾರೆ, ಆದರೆ ಹಳೆ ರಟ್ಟು ಹೋದರೆ ಅರ್ಧ ಸಾಕ್ಷಿ ಹೋದ ಹಾಗೆ. ಹರಿದ ಜಾಕೆಟ್ಟಿಗೆ ಸೆಲ್ಲೋಟೇಪ್ ಕೂಡ ಅಂಟಿಸಬಾರದು. ಹತ್ತು ವರ್ಷದಲ್ಲಿ ಅಂಟು ಕಂದಾಗಿ ಕಾಗದದೊಳಗೆ ಇಳಿಯುತ್ತೆ.

ಕುಡ್ಲದ ಓದುಗ:
ಫ್ಯಾಂಟಸಿ ಪ್ರೆಸ್ ಬಗ್ಗೆಯೂ ಯಾರಾದರೂ ಹೇಳಿ. ಇ. ಇ. ಸ್ಮಿತ್ ಅವರ ‘ಗ್ರೇ ಲೆನ್ಸ್‌ಮನ್’ ಒಂದು ಕಡೆ ನೋಡಿಟ್ಟಿದ್ದೇನೆ. “ಸಹಿ ಇದೆ” ಅನ್ನುತ್ತಿದ್ದಾರೆ. ಈ ಸಲ ಏಟು ತಿನ್ನೋಕೆ ಮನಸ್ಸಿಲ್ಲ.

ರಟ್ಟುಬೆನ್ನು:
ಫ್ಯಾಂಟಸಿ ಪ್ರೆಸ್ ಅಂದರೆ ಲಾಯ್ಡ್ ಆರ್ಥರ್ ಎಶ್‌ಬಾಕ್. ಪೆನ್ಸಿಲ್ವೇನಿಯಾದ ರೆಡಿಂಗ್ ಊರಿನವರು, 1946ರಲ್ಲಿ ಶುರು ಮಾಡಿದರು. ಸ್ಮಿತ್ ಅವರ ಲೆನ್ಸ್‌ಮನ್ ಪುಸ್ತಕಗಳನ್ನು ಒಂದೊಂದಾಗಿ ತಂದರು. ‘ಗ್ರೇ ಲೆನ್ಸ್‌ಮನ್’ 1951ರದ್ದು. ಹಲವು ಪುಸ್ತಕಗಳಲ್ಲಿ 300ರಿಂದ 500 ಪ್ರತಿಗಳಿಗೆ ಅಂಕಿ ಹಾಕಿ, ಲೇಖಕರಿಂದ ಸಹಿ ಹಾಕಿಸುತ್ತಿದ್ದರು. ಇದಕ್ಕೆ ಬೇರೆಯಾಗಿ ಅಚ್ಚು ಹಾಕಿದ ಒಂದು ಹಾಳೆ ಪುಸ್ತಕದ ಮುಂಭಾಗದಲ್ಲಿ ಅಂಟಿಸಿರುತ್ತಾರೆ. ಎಷ್ಟು ಪ್ರತಿಗೆ ಸಹಿ ಆಗಿದೆ ಅಂತ ಅಚ್ಚಾಗಿರುತ್ತೆ, ಪ್ರತಿಯ ಅಂಕಿ ಕೈಬರಹದಲ್ಲಿ. ಆ ಹಾಳೆಯ ಬುಡ ನೋಡಿ: ಹೊಲಿಗೆಯಲ್ಲಿ ಸೇರಿಲ್ಲ, ಅಂಟಿಸಿದ್ದು ಅಂತ ಗೊತ್ತಾಗಬೇಕು. ಖಾಲಿ ಪುಟದಲ್ಲಿ ಬರೀ ಸಹಿ ಇದ್ದರೆ ಅದೂ ನಿಜ ಇರಬಹುದು, ಲೇಖಕರು ಸಮಾವೇಶಗಳಲ್ಲಿ ಹಾಕಿಕೊಡುತ್ತಿದ್ದರು. ಆದರೆ ಅದು ಅಂಕಿ ಹಾಕಿದ ಪ್ರತಿ ಅಲ್ಲ, ಬೆಲೆಯೂ ಬೇರೆ.

ಇಲ್ಲೂ ಬೈಂಡಿಂಗ್ ತೊಡಕು ಇದೆ. ಫ್ಯಾಂಟಸಿ ಪ್ರೆಸ್ ನಿಂತ ಮೇಲೆ ಉಳಿದ ಹಾಳೆಗಳು ಗ್ನೋಮ್‌ನ ಗ್ರೀನ್‌ಬರ್ಗ್ ಕೈಗೆ ಹೋದವು. ಅವರು ತಮ್ಮ ರೀತಿಯಲ್ಲಿ ಅಗ್ಗದ ರಟ್ಟು ಹಾಕಿ ಮಾರಿದರು. ಒಳಗೆ ಫ್ಯಾಂಟಸಿ ಪ್ರೆಸ್ ಅಂತಲೇ ಇರುತ್ತೆ, ‘ಫಸ್ಟ್ ಎಡಿಷನ್’ ಅಂತಲೂ ಇರುತ್ತೆ. ಕೊಳ್ಳುವ ಮುಂಚೆ ರಟ್ಟಿನ ಫೋಟೋ ತರಿಸಿಕೊಳ್ಳಿ. ಜಾಕೆಟ್ ತುಂಬಾ ಹೊಸದಾಗಿ, ಬಿಳಿಯಾಗಿ ಕಂಡರೆ ನಕಲು ಜಾಕೆಟ್ ಇರಬಹುದು, ಒಳಬದಿಯ ಫೋಟೋನೂ ಕೇಳಿ. ಒಳ್ಳೆಯ ಮಾರಾಟಗಾರರು ಬೇಜಾರಿಲ್ಲದೆ ಕಳಿಸುತ್ತಾರೆ.

ಅಚ್ಚುಮೊಳೆ:
ಒಂದು ಮಾತಿಗೆ ನನ್ನ ತಕರಾರಿದೆ ರಟ್ಟುಬೆನ್ನು ಅವರೇ. ಹಾಳೆ ಒಂದೇ, ಮೊಳೆ ಒಂದೇ, ಅಚ್ಚಾದ ದಿನ ಒಂದೇ. ಆಮೇಲೆ ಕಟ್ಟಿದ್ದು ಅನ್ನೋ ಕಾರಣಕ್ಕೆ ಅದನ್ನು ಕೀಳಾಗಿ ನೋಡುವುದು ಸರಿಯಾ? ನನ್ನ ಲೆಕ್ಕದಲ್ಲಿ ಅದು ಮೊದಲ ಮುದ್ರಣವೇ.

ರಟ್ಟುಬೆನ್ನು:
ಸರ್, ಮೊದಲ ಮುದ್ರಣ ಅನ್ನೋದರಲ್ಲಿ ನಮ್ಮಿಬ್ಬರಿಗೂ ಜಗಳವಿಲ್ಲ. ನಾನು ಹೇಳೋದು ಇಷ್ಟೇ: ‘ಮೊದಲ ಮುದ್ರಣ, ನಂತರದ ಬೈಂಡಿಂಗ್’ ಅಂತ ಪೂರ್ತಿಯಾಗಿ ಬರೆಯಬೇಕು. 1952ರಲ್ಲಿ ಅಂಗಡಿಗೆ ಹೋಗಿ ಪುಸ್ತಕ ತೆಗೆದುಕೊಂಡವರ ಕೈಗೆ ಸಿಕ್ಕ ವಸ್ತು ಯಾವುದು ಅಂತ ಹುಡುಕುವವರಿಗೆ ಆ ವ್ಯತ್ಯಾಸ ಬೇಕು. ಅರ್ಧ ಮಾತು ಹೇಳಿ ಪೂರ್ತಿ ದುಡ್ಡು ಇಸಕೊಳ್ಳೋದು ತಪ್ಪು.

ಅಚ್ಚುಮೊಳೆ:
ಹಾಗಾದರೆ ಒಪ್ಪಿದೆ. ಪೂರ್ತಿ ಬರೆಯಲಿ.

ಮಿಶಿಗನ್ ಮಲ್ಲಿಗೆ:
ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಬೆಳಿಗ್ಗೆ ಕಿಟಕಿಯ ಹತ್ತಿರ ಕೂತು ಎಲ್ಲ ನೋಡಿದೆ. ಮೂಲೆಯಲ್ಲಿ ಎಳೆ ಇಲ್ಲ. ಅಚ್ಚುಮೊಳೆ ಅವರು ಹೇಳಿದ ಹಾಗೆ ಸಿಪ್ಪೆ ಎದ್ದಿದೆ, ಒಳಗೆ ಬೂದು ರಟ್ಟು. ಅಂದರೆ ಕಾಗದ. ಜಾಕೆಟ್ಟಿನ ಹಿಂದೆ ಉದ್ದನೆಯ ಪಟ್ಟಿ ಇದೆ, ಅದರಲ್ಲಿ ‘ಸೆಕೆಂಡ್ ಫೌಂಡೇಶನ್’ ಬೆಲೆ ಸಮೇತ ಇದೆ. ಒಳಗಿನ ಹಾಳೆಗಳು ಅಂಚಿನಲ್ಲಿ ಚಹಾ ಬಣ್ಣಕ್ಕೆ ತಿರುಗಿವೆ.

ಇನ್ನೊಂದು ವಿಷಯ ಈಗ ಕಣ್ಣಿಗೆ ಬಿತ್ತು. ರಟ್ಟಿನ ಒಳಗಿನ ಖಾಲಿ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಒಂದು ಹೆಸರು, ಕೆಳಗೆ ‘ನವೆಂಬರ್ 1954’.

ರಟ್ಟುಬೆನ್ನು:
ಎಲ್ಲ ಒಂದಕ್ಕೊಂದು ಹೊಂದುತ್ತೆ ಮೇಡಂ. ಮೊದಲ ಮುದ್ರಣದ ಹಾಳೆ, ಬಹುಶಃ ನಂತರದ ಬೈಂಡಿಂಗ್, ನಂತರದ ಜಾಕೆಟ್. ಹಾಳೆ ಕಂದಾಗಿರೋದಕ್ಕೆ ಚಿಂತೆ ಬೇಡ, ಗ್ನೋಮ್‌ನವರು ಬಳಸಿದ ಕಾಗದ ಅಂಥದ್ದು. ಬಿಸಿಲಿಗೆ ಇಡಬೇಡಿ, ಜಾಕೆಟ್ಟಿಗೆ ಪಾರದರ್ಶಕ ಪಾಲಿಯೆಸ್ಟರ್ ಹೊದಿಕೆ ಹಾಕಿ. ಆ ಪೆನ್ಸಿಲ್ ಬರಹ ದಯವಿಟ್ಟು ಅಳಿಸಬೇಡಿ. ಆ ಹೊತ್ತಿಗೆ ಈ ಬೈಂಡಿಂಗ್ ಓದುಗರ ಕೈ ಸೇರಿತ್ತು ಅನ್ನೋದಕ್ಕೆ ಅದೇ ಸಾಕ್ಷಿ. ಅದರ ಫೋಟೋ ಹಾಕಿದರೆ ಮುಂದೆ ಬೇರೆಯವರಿಗೂ ದಿನಾಂಕ ಕಟ್ಟೋಕೆ ಸಹಾಯವಾಗುತ್ತೆ, ಹೆಸರು ಮಾತ್ರ ಮುಚ್ಚಿ.

ಮಿಶಿಗನ್ ಮಲ್ಲಿಗೆ:
ಅಳಿಸಲ್ಲ ಸರ್. ಆ ಮನೆಯ ಮಗಳಿಗೆ ಫೋಟೋ ಕಳಿಸಿದ್ದೆ. ಅಪ್ಪನ ಕೈಬರಹ ಅಂತ ತಕ್ಷಣ ಗುರುತಿಸಿದರು. 1954ರಲ್ಲಿ ಅವರು ಕಾಲೇಜಿಗೆ ಹೊಸದಾಗಿ ಸೇರಿದ್ದರಂತೆ. ಗ್ಯಾರೇಜಿನಲ್ಲಿ ಇನ್ನೂ ಎರಡು ಡಬ್ಬ ಉಳಿದಿವೆ, ಮಾರೋಕೆ ಮುಂಚೆ ಬಂದು ನೋಡಿ ಹೇಳ್ತೀರಾ ಅಂತ ಕೇಳಿದ್ದಾರೆ. ಭಾನುವಾರ ಹೋಗುತ್ತಿದ್ದೇನೆ. ಪ್ರತಿಯೊಂದರ ರಟ್ಟು, ಬೆನ್ನು, ಜಾಕೆಟ್ಟಿನ ಹಿಂಬದಿ, ಕೊನೆಯ ಪುಟ ಎಲ್ಲ ಫೋಟೋ ತೆಗೆದು ಇಲ್ಲೇ ಹಾಕುತ್ತೇನೆ.